ಊರಿಗೆಲ್ಲ ಒಂದೇ ಮೂಟೆ

ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ನಿಂತವರಿಗೆಲ್ಲ ಈ ಮಾತು ಗೊತ್ತು: "ಇದು ಬಂದಿಲ್ಲಮ್ಮ, ಹೊರಗೆ ತಗೊಳ್ಳಿ." ಬಂದಿಲ್ಲ ಎಂದರೆ ಎಲ್ಲಿಂದ ಬಂದಿಲ್ಲ? ನನ್ನ ನಾದಿನಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆದ ಮೇಲೆ ಆ ಕಿಟಕಿಯ ಒಳಗಿನ ಲೋಕ ನಮ್ಮ ಅಡುಗೆಮನೆಯ ಮಾತಿಗೂ ಬಂತು.

ಆಸ್ಪತ್ರೆಯವರು ತಮಗೆ ಬೇಕಾದ ಬಹುಪಾಲು ಔಷಧಿಯನ್ನು ತಾವೇ ಕೊಳ್ಳುವುದಿಲ್ಲವಂತೆ. ಇಡೀ ರಾಜ್ಯಕ್ಕೆ ಒಂದೇ ಕಡೆ ಟೆಂಡರ್ ಕರೆದು, ಕೊಂಡು, ಜಿಲ್ಲೆಯ ಉಗ್ರಾಣಗಳಿಗೆ ಕಳುಹಿಸುತ್ತಾರೆ. ಇದಕ್ಕೆಂದೇ ಈಗ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಿದೆ. "ಪೊಟ್ಟಣ ಕೊಂಡರೆ ಒಂದು ಬೆಲೆ, ಲಾರಿಗಟ್ಟಲೆ ಕೊಂಡರೆ ಇನ್ನೊಂದು, ಅಷ್ಟೇ ಅತ್ತಿಗೆ" ಎಂದಳು. ಅದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸುಗ್ಗಿಯಲ್ಲಿ ವರ್ಷದ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ ಒಟ್ಟಿಗೆ ತರಿಸುತ್ತಿದ್ದ ಮನೆಗಳವರು ನಾವು. ಆದರೆ ನಮ್ಮ ಅತ್ತೆಯವರು ಮೂಟೆಯ ತಳದಿಂದ ಒಂದು ಹಿಡಿ ಬೇಳೆ ತೆಗೆಸಿ, ಹಲ್ಲಿನಲ್ಲಿ ಕಚ್ಚಿ ನೋಡದೆ ದುಡ್ಡು ಎಣಿಸುತ್ತಿರಲಿಲ್ಲ. ಮೂಟೆ ಕೆಟ್ಟದ್ದಾದರೆ ವರ್ಷವಿಡೀ ಮನೆಮಂದಿಯೆಲ್ಲ ಅದನ್ನೇ ಉಣ್ಣಬೇಕಲ್ಲ!

ಪಕ್ಕದ ತಮಿಳುನಾಡಿನಲ್ಲಿ 1994ರಲ್ಲೇ ಇಂಥದೊಂದು ನಿಗಮ ಹುಟ್ಟಿತು. ಉಗ್ರಾಣಕ್ಕೆ ಬಂದ ಮಾಲನ್ನು ಅಲ್ಲಿ ಮೊದಲು ಬೇರೆಯಾಗಿ ಇಡುತ್ತಾರೆ. ಬ್ಯಾಚಿನಿಂದ ಮಾದರಿ ತೆಗೆದು, ತಯಾರಕರ ಹೆಸರು ಕಾಣದಂತೆ ಮಾಡಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಸರಿಯಿದೆ ಎಂದು ಬಂದ ಮೇಲೆಯೇ ಅದು ಆಸ್ಪತ್ರೆಗೆ. ಒಂದೊಂದು ಆಸ್ಪತ್ರೆಗೂ ಒಂದು ಪಾಸ್‌ಬುಕ್. ಅದರಲ್ಲಿರುವ ಮೊತ್ತದೊಳಗೆ ತಮಗೆ ಬೇಕಾದ ಔಷಧಿಯನ್ನು ಅವರೇ ಆರಿಸಿ ತರಬಹುದು. ನನಗೆ ಈ ಪಾಸ್‌ಬುಕ್ಕು ಬಹಳ ಹಿಡಿಸಿತು. ಕೊಳ್ಳುವವರು ದೂರದ ರಾಜಧಾನಿಯಲ್ಲಿದ್ದರೂ, ಊರಿನಲ್ಲಿ ಈ ತಿಂಗಳು ಜ್ವರ ಹೆಚ್ಚೋ ವಾಂತಿಭೇದಿ ಹೆಚ್ಚೋ ಎಂದು ಬಲ್ಲವರ ಕೈಯಲ್ಲಿ ಸ್ವಲ್ಪ ಅಧಿಕಾರ ಉಳಿಯಿತಲ್ಲ.

ಇದೆಲ್ಲ ಕಚೇರಿಯ ವ್ಯವಹಾರ, ನಮಗೇಕೆ ಎನ್ನಬೇಡಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದರು. ಮೂತ್ರಪಿಂಡ ಕೆಲಸ ನಿಲ್ಲಿಸಿತು. ಐವರು ತೀರಿಕೊಂಡರು. ಅನುಮಾನ ಬಿದ್ದದ್ದು, ನಾವೆಲ್ಲ ಗ್ಲೂಕೋಸ್ ಬಾಟಲಿ ಎಂದುಬಿಡುವ, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದು ನಿಗಮದ ಮೂಲಕವೇ ಬಂದದ್ದು. ಆ ತಯಾರಕರ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಸರಿಯಿಲ್ಲ ಎಂದಿತ್ತು, ಕೇಂದ್ರದ್ದು ಸರಿಯಿದೆ ಎಂದಿತ್ತು. ಇಬ್ಬರಲ್ಲಿ ಒಬ್ಬರು ಬೇಡವೆಂದ ಮೂಟೆಯನ್ನು ನಮ್ಮ ಅತ್ತೆಯವರು ಹೊಸ್ತಿಲು ದಾಟಿಸುತ್ತಿರಲಿಲ್ಲ.

ಆಯಾ ಆಸ್ಪತ್ರೆಯೇ ಕೊಂಡುಕೊಳ್ಳಲಿ, ಈ ಒಟ್ಟು ಖರೀದಿಯೇ ಬೇಡ ಎಂದರು ನಮ್ಮ ಪಕ್ಕದ ಮನೆಯಾಕೆ. ನಾನು ಒಪ್ಪಲಿಲ್ಲ. ಒಂದೇ ಕಡೆ ಕೊಂಡದ್ದರಿಂದಲೇ ಮಾಲು ಎಲ್ಲೆಲ್ಲಿಗೆ ಹೋಗಿದೆ ಎಂಬ ಲೆಕ್ಕ ಸಿಗುತ್ತದೆ. ರಾಜ್ಯಕ್ಕೆಲ್ಲ ಒಂದೇ ಮಾತಿನಲ್ಲಿ, ಬಳಸಬೇಡಿ ಎನ್ನಲು ಆಗುತ್ತದೆ. ನೂರು ಆಸ್ಪತ್ರೆ ನೂರು ಅಂಗಡಿಯಲ್ಲಿ ಕೊಂಡಿದ್ದರೆ ಯಾರನ್ನು ಹಿಡಿದು ಕೇಳುವುದು? ಬೇಕಾದದ್ದು ಅತ್ತೆಯವರಂತೆ ಕಚ್ಚಿ ನೋಡುವವರು, ಬೇಡ ಎನ್ನುವ ಗಟ್ಟಿತನವಿರುವವರು.

ಆ ದಿನಗಳಲ್ಲಿ ನಾದಿನಿಗೂ ಅದೇ ಕೆಲಸ. ವಾರ್ಡು ವಾರ್ಡಿಗೆ ಹೋಗಿ ಬಾಟಲಿಗಳನ್ನು ಆರಿಸಿ, ಎಣಿಸಿ, ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿಸಿದಳಂತೆ. ಮನೆಗೆ ಬಂದವಳು ತಟ್ಟೆಯ ಮುಂದೆ ಸುಮ್ಮನೆ ಕುಳಿತಳು. "ಬಾಟಲಿ ಮೇಲಿನ ತಾರೀಖು ನೋಡಬಹುದು, ನೀರು ತಿಳಿಯಾಗಿದೆಯಾ ನೋಡಬಹುದು. ಅದರಾಚೆ ನಾನೇನು ನೋಡಲಿ ಅತ್ತಿಗೆ?" ಎಂದಳು.