ವಾಕ್ಯದ ನಡುವಿನ ಶೇಕಡಾ ಚಿಹ್ನೆ

ನೋಯ್ಡಾ, ಗುರುಗ್ರಾಮದ ಕಂಪನಿಗಳಿಂದ ಕನ್ನಡ ಅನುವಾದಕರಿಗೆ ಬರುವ ಸಾಫ್ಟ್‌ವೇರ್ ಕಡತಗಳಲ್ಲಿ ಹಿಂದುಮುಂದಿನ ಸಂದರ್ಭ ಇರುವುದು ಕಡಿಮೆ. ಇರುವುದು ಬಿಡಿ ವಾಕ್ಯಗಳು, ಅವುಗಳ ನಡುವೆ %ಡಿ, %ಎಸ್ ಎಂಬ ಗುರುತುಗಳು. ಸಿ ಭಾಷೆಯ ಪ್ರಿಂಟ್‌ಎಫ್‌ಗೆ ಇವು ಆಜ್ಞೆಗಳು: ಮೊದಲನೆಯದು ‘ಇಲ್ಲಿ ಸಂಖ್ಯೆ ಹಾಕು’, ಎರಡನೆಯದು ‘ಈ ವಿಳಾಸದಲ್ಲಿರುವ ಪಠ್ಯ ಹಾಕು’. ಪ್ರೋಗ್ರಾಮ್ ಕೊಟ್ಟ ಮೌಲ್ಯಗಳನ್ನು ಅದು ಸರದಿಯಂತೆ ಎತ್ತಿಕೊಳ್ಳುತ್ತದೆ. ಬಂದದ್ದು ಸಂಖ್ಯೆಯೋ ಪಠ್ಯವೋ ಎಂದು ವಿಚಾರಿಸುವುದಿಲ್ಲ.

ಕನ್ನಡಕ್ಕೆ ತೊಡಕು ಶುರುವಾಗುವುದೇ ಇಲ್ಲಿ. ಇಂಗ್ಲಿಷಿನಲ್ಲಿ ಮೊದಲು ಎಷ್ಟು ಕಡತ, ಆಮೇಲೆ ಯಾವ ಕೋಶಕ್ಕೆ. ಕನ್ನಡದಲ್ಲಿ ಕೋಶ ಮೊದಲು ಬಂದರೆ ಸಹಜ: ‘%ಎಸ್‌ಗೆ %ಡಿ ಕಡತಗಳನ್ನು ನಕಲಿಸಲಾಗಿದೆ’. ಓದಲು ಚೆನ್ನಾಗಿದೆ, ಓಡಿಸಿದರೆ ಅಪಾಯ. ಮೂರು ಕಡತಗಳಿದ್ದರೆ ಪ್ರಿಂಟ್‌ಎಫ್ ಆ 3 ಅನ್ನೇ ವಿಳಾಸವೆಂದುಕೊಂಡು ಪಠ್ಯ ಹುಡುಕಲು ಹೋಗುತ್ತದೆ. ಪ್ರೋಗ್ರಾಮ್ ಅಲ್ಲೇ ಕುಸಿಯುತ್ತದೆ. ಪಾಸಿಕ್ಸ್ ವ್ಯವಸ್ಥೆಗಳಲ್ಲಿ ಇದಕ್ಕೆ ಪರಿಹಾರವಿದೆ: %2$ಎಸ್, %1$ಡಿ ಎಂದು ಪ್ರತಿ ಗುರುತಿಗೂ ಮೂಲದ ಸರದಿ ಸಂಖ್ಯೆ ಕೊಡುವುದು.

ವಿಭಕ್ತಿಯದು ಇನ್ನೊಂದು ತಕರಾರು. ದೆಹಲಿಗೆ, ಬೆಂಗಳೂರಿಗೆ, ಕೋಶಕ್ಕೆ: ಒಂದೇ ಚತುರ್ಥಿಗೆ ಮೂರು ರೂಪ. ಯಾವ ಹೆಸರು ಬಂದೀತೆಂದು ತಿಳಿಯದಾಗ ‘%2$ಎಸ್ ಎಂಬ ಕೋಶಕ್ಕೆ’ ಎನ್ನುವುದೇ ಜಾಣತನ. ಪ್ರತ್ಯಯವನ್ನು ಗೊತ್ತಿರುವ ಪದವೇ ಹೊರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ, ಹೊರಗಿನವರು ಬರೆದ ಪಠ್ಯವನ್ನೇ ಪ್ರಿಂಟ್‌ಎಫ್‌ನ ಮೊದಲ ಜಾಗಕ್ಕೆ ಕೊಡುವುದು. ಆಗ ಅವರು ಬರೆದ %ಎಕ್ಸ್ ಮೆಮೊರಿಯ ಗುಟ್ಟನ್ನು ಹೊರಹಾಕಬಲ್ಲದು, %ಎನ್ ಮೆಮೊರಿಯನ್ನೇ ತಿದ್ದಬಲ್ಲದು. 2000ದಲ್ಲಿ ಡಬ್ಲ್ಯುಯು-ಎಫ್‌ಟಿಪಿಡಿ ಎಂಬ ಸರ್ವರ್ ತಂತ್ರಾಂಶಕ್ಕೆ ಕನ್ನ ಬಿದ್ದದ್ದು ಈ ದಾರಿಯಲ್ಲೇ. 2021ರಲ್ಲಿ ಶೇಕಡಾ ಚಿಹ್ನೆಗಳು ತುಂಬಿದ ಹೆಸರಿನ ವೈಫೈಗೆ ಸೇರಿದ ಐಫೋನುಗಳಲ್ಲಿ ವೈಫೈಯೇ ಕೆಟ್ಟು ಕೂತಿತು. ಮದ್ದು ಸರಳ: ಮೊದಲ ಜಾಗದಲ್ಲಿ ಪ್ರೋಗ್ರಾಮರ್ ತಾನೇ ಬರೆದ "%ಎಸ್" ಇರಬೇಕು, ಪರರ ಪಠ್ಯ ಅದರ ನಂತರ ಬರಬೇಕು.

ಅನುವಾದವೂ ಹೊರಗಿನ ಪಠ್ಯವೇ, ಆದರೆ ಅದು ಆ ಮೊದಲ ಜಾಗದಲ್ಲೇ ಕೂರುತ್ತದೆ. ಕಂಪೈಲರ್ ಮೂಲ ಇಂಗ್ಲಿಷ್ ವಾಕ್ಯವನ್ನು ತಪಾಸಣೆ ಮಾಡಬಲ್ಲದು. ಪ್ರೋಗ್ರಾಮ್ ಓಡುವಾಗ ಬಂದು ಸೇರುವ ಕನ್ನಡ ವಾಕ್ಯ ಅದರ ಕಣ್ಣಿಗೆ ಬೀಳುವುದಿಲ್ಲ. ಗೆಟ್‌ಟೆಕ್ಸ್ಟ್‌ನಲ್ಲಿ ಎಂಎಸ್‌ಜಿಎಫ್‌ಎಂಟಿ ಎಂಬ ಸಾಧನ ಎರಡೂ ವಾಕ್ಯಗಳ ಗುರುತುಗಳನ್ನು ತಾಳೆ ನೋಡುತ್ತದೆ, ಆದರೆ ಹಾಗೆ ನೋಡೆಂದು ಯಾರಾದರೂ ಹೇಳಬೇಕು. ಪದಕ್ಕಿಷ್ಟು ಎಂದು ಕೂಲಿ ಎಣಿಸುವ ಈ ಕಸುಬಿನಲ್ಲಿ %ಎಸ್ ಅನ್ನು ಎಲ್ಲರೂ ಪದವೆಂದು ಎಣಿಸುವುದಿಲ್ಲ. ಆದರೂ ವಾಕ್ಯದಲ್ಲಿ ಅತಿ ಎಚ್ಚರದಿಂದ ಅನುವಾದಿಸಬೇಕಾದದ್ದು ಅದನ್ನೇ.