‘ಸೂಪರ್ ಅಣ್ಣ’ ಅಂದ್ರೆ ಫೋಟೊ ನೋಡಿದ ಹಾಗಾಯ್ತಾ?

ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ಮ ಹುಡುಗ ಹುಡುಗೀರು ಈಗ ಫೋಟೊ ತೆಗೀತಿದಾರೆ. ನಮ್ಮಪ್ಪನ ಕಾಲದಲ್ಲಿ ಕೇರಿಗೆ ಕ್ಯಾಮೆರಾ ಬರ್ತಿದ್ದಿದ್ದು ಮದುವೆಗೆ, ಇಲ್ಲಾಂದ್ರೆ ಸತ್ತವರನ್ನ ಕುರ್ಚಿ ಮೇಲೆ ಕೂರಿಸಿ ತೆಗೆಯೋಕೆ. ನಮ್ಮ ತಾತಂದು ಇರೋದು ಅದೊಂದೇ ಫೋಟೊ. ಕೊರಳಲ್ಲಿ ಹೂವಿನ ಹಾರ, ಕಣ್ಣು ಮುಚ್ಚಿದೆ. ಈಗ ಹತ್ತು ಸಾವಿರದ ಮೊಬೈಲಲ್ಲಿ ನಮ್ಮ ಮಕ್ಕಳು ನಮ್ಮನ್ನ ಕಣ್ಣು ಬಿಟ್ಟಿರೋವಾಗಲೇ ತೆಗೀತಿದಾರೆ. ಇದು ಸಣ್ಣ ವಿಷಯ ಅಲ್ಲ.

ಆದರೆ ಆ ಫೋಟೊ ನೋಡಿ ನಾವು ಹೇಳೋದೇನು? ‘ಸೂಪರ್ ಅಣ್ಣ’, ‘ಬೆಂಕಿ’, ಮೂರು ನೀಲಿ ಹಾರ್ಟು. ಪ್ರೀತಿಯಿಂದಾನೇ ಹೇಳ್ತೀವಿ. ಹೊರಗಡೆ ಬೇಕಾದಷ್ಟು ಅವಮಾನ ತಿಂದು ಬಂದಿರ್ತಾರೆ, ನಾವೂ ಯಾಕೆ ಚುಚ್ಚೋದು ಅಂತ. ಅದು ನನಗೆ ಅರ್ಥ ಆಗತ್ತೆ. ಆದರೂ ಮೂರು ವರ್ಷದಿಂದ ‘ಸೂಪರ್’ ಕೇಳಿಸಿಕೊಂಡ ಹುಡುಗ ಮೂರು ವರ್ಷದ ಹಿಂದಿನ ಫೋಟೊನೇ ಇವತ್ತೂ ತೆಗೀತಿದಾನೆ. ಬಾಬಾಸಾಹೇಬರ ಪ್ರತಿಮೆ ಮುಂದೆ ಭಾಷಣ ಮಾಡೋರ ತಲೆ ಮೇಲೆ ಕರೆಂಟ್ ಕಂಬ ಕೊಂಬಿನ ಹಾಗೆ ಎದ್ದಿರತ್ತೆ. ಎರಡು ಹೆಜ್ಜೆ ಎಡಕ್ಕೆ ಸರಿ ಮಾರಾಯ ಅಂತ ಅವನಿಗೆ ಯಾರೂ ಹೇಳಿಲ್ಲ.

ಅದಕ್ಕೇ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಅಂಬೇಡ್ಕರ್ ಭವನದ ಹಿಂದಿನ ರೂಮಲ್ಲಿ ಕೂರ್ತೀವಿ. ಫೋಟೊ ಪ್ರಿಂಟ್ ಹಾಕಿಸಿಕೊಂಡೇ ಬರಬೇಕು, ಮೊಬೈಲಲ್ಲಿ ತೋರಿಸೋ ಹಾಗಿಲ್ಲ. ಮೊಬೈಲಲ್ಲಿ ಎಲ್ಲಾ ಚೆಂದವೇ, ಬೆರಳಲ್ಲಿ ತಳ್ಳಿದ್ರೆ ಮುಂದಿನದು ಬರತ್ತೆ. ಪ್ರಿಂಟು ಟೇಬಲ್ ಮೇಲೆ ಸುಮ್ನೆ ಬಿದ್ದಿರತ್ತೆ, ಜಾಗ ಬಿಟ್ಟು ಕದಲಲ್ಲ.

ಕಳೆದ ವರ್ಷ ಬಿ.ಕಾಂ. ಓದೋ ಒಬ್ಬ ಹುಡುಗಿ ಅಳು ತಡ್ಕೊಂಡು ಬಂದಿದ್ದಳು. ಯಾವುದೋ ಫೋಟೊ ಸ್ಪರ್ಧೆಗೆ ತನ್ನ ಅಜ್ಜಿ ಫೋಟೊ ಕಳಿಸಿದ್ದಳಂತೆ. ಅಜ್ಜಿ ಹಬ್ಬದ ಸೀರೆ ಉಟ್ಟು, ಮೂಗುಬೊಟ್ಟು ಹಾಕ್ಕೊಂಡು, ಸುಣ್ಣ ಹೊಡೆದ ಗೋಡೆ ಮುಂದೆ ನಗ್ತಾ ಕೂತಿದ್ದಾರೆ. ತೀರ್ಪುಗಾರರು ಹೇಳಿದ್ದು: ಮುಖ ಬಹಳ ಕಪ್ಪಾಗಿದೆ, ಬೆಳ್ಳಗೆ ಮಾಡ್ಕೋಬೇಕಿತ್ತು. ಇನ್ನೊಂದು ಮಾತು: ಹಳೇ ಸೀರೆ ಉಡಿಸಿ ಒಲೆ ಮುಂದೆ ಹೊಗೇಲಿ ಕೂರಿಸಿದ್ರೆ ಪ್ರಶಸ್ತಿ ಬರ್ತಿತ್ತು.

ನಮ್ಮ ಹುಡುಗರು ಕೂತಲ್ಲೇ ಕುದ್ದುಹೋದರು. ಒಬ್ಬ ಪತ್ರ ಬರೆಯೋಣ ಅಂದ, ಇನ್ನೊಬ್ಬ ಹೋಗಿ ಕೇಳೇಬಿಡೋಣ ಅಂದ. ಪತ್ರ ಆಮೇಲೆ ಬರೆಯೋಣ, ಮೊದಲು ಫೋಟೊ ನೋಡೋಣ ಅಂದೆ ನಾನು. ನನ್ನ ಹತ್ರ ಇರೋದು ಒಂದೇ ಅಳತೆಗೋಲು. ಯಾರೇ ಏನೇ ಹೇಳಲಿ, ಅದನ್ನ ಪ್ರಿಂಟ್ ಮೇಲೆ ಬೆರಳಿಟ್ಟು ತೋರಿಸೋಕೆ ಆಗತ್ತಾ? ಆದರೆ ಅದು ಫೋಟೊ ಬಗ್ಗೆ ಆಡಿದ ಮಾತು, ತಗೊಳ್ಳಿ. ಆಗದಿದ್ರೆ ಅದು ನಮ್ಮ ಬಗ್ಗೆ ಆಡಿದ ಮಾತು, ಅದಕ್ಕೆ ಬೇರೆ ಥರ ಉತ್ತರ ಕೊಡೋಣ. ‘ಸೂಪರ್’ಗೂ ಇದೇ ಅಳತೆ. ಯಾವುದು ಸೂಪರ್, ಎಲ್ಲಿ, ತೋರಿಸು.

ಹಳೇ ಸೀರೆ ಮಾತಿಗೆ ಬೆರಳಿಡೋಕೆ ಆ ಫೋಟೊದಲ್ಲಿ ಜಾಗವೇ ಇಲ್ಲ. ಅದು ಅವರ ತಲೇಲಿರೋ ಫೋಟೊ. ಸುಕ್ಕು ಮುಖ, ಬೀಡಿ ಹೊಗೆ, ಹರಿದ ಬಟ್ಟೆ. ಇಂಥವಕ್ಕೆ ಬಹುಮಾನ ಕೊಟ್ಟು ಕೊಟ್ಟು ಅವರ ಕಣ್ಣೇ ಹಾಗಾಗಿದೆ. ನಗೋ ದಲಿತ ಮುದುಕಿ ಅವರ ಚೌಕಟ್ಟಲ್ಲಿ ಹಿಡಿಸಲ್ಲ.

ಮೊದಲನೇ ಮಾತಲ್ಲಿ ಮಾತ್ರ ಅರ್ಧ ಹುರುಳಿತ್ತು. ಅಜ್ಜಿಯ ಕಣ್ಣು ಕಾಣ್ತಿರಲಿಲ್ಲ. ಅದು ಬಣ್ಣದ ತಪ್ಪಲ್ಲ, ಬೆಳಕಿನ ಲೆಕ್ಕ. ಕ್ಯಾಮೆರಾ ಮುಂದಿರೋದನ್ನೆಲ್ಲ ಸೇರಿಸಿ ಸರಾಸರಿ ಬೂದು ಬಣ್ಣಕ್ಕೆ ತರೋಕೆ ನೋಡತ್ತೆ. ಹಿಂದೆ ಬಿಳಿ ಗೋಡೆ ಇದ್ರೆ ಬೆಳಕು ಜಾಸ್ತಿ ಅಂದ್ಕೊಂಡು ಇಡೀ ಫೋಟೊನ ಕತ್ತಲು ಮಾಡತ್ತೆ. ಆಗ ಮೊದಲು ಮುಳುಗೋದು ಕಪ್ಪು ಮುಖ. ಏಪ್ರಿಲ್ 14ರ ನಮ್ಮ ಫೋಟೊಗಳನ್ನ ತೆಗೆದು ನೋಡಿ. ಎಲ್ಲರದ್ದೂ ಬಿಳಿ ಶರ್ಟು, ನೆತ್ತಿ ಮೇಲೆ ಮಧ್ಯಾಹ್ನದ ಬಿಸಿಲು, ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಶಾಮಿಯಾನದ ಕೆಳಗೆ ತೆಗೆದ್ರೆ ನೀಲಿ ಬಟ್ಟೆಯ ಬೆಳಕು ಬಿದ್ದು ಮುಖವೂ ನೀಲಿ. (ನೀಲಿ ನಮಗೆ ಇಷ್ಟ, ಸರಿ. ಆದರೆ ಅಷ್ಟೊಂದಾ?)

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಫಿಲಂ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳೋಕೆ ಅಂತ ಒಂದು ಮಾದರಿ ಚಿತ್ರ ಕೊಡ್ತಿತ್ತು. ಅದರಲ್ಲಿ ಇದ್ದದ್ದು ಬಿಳಿ ಹೆಂಗಸು. ‘ಶರ್ಲಿ ಕಾರ್ಡ್’ ಅಂತ ಅದಕ್ಕೆ ಹೆಸರು. ಅವಳ ಚರ್ಮ ಸರಿ ಬಂತು ಅಂದ್ರೆ ಬಣ್ಣ ಸರಿ. ಕಪ್ಪು ಜನರ ಮುಖ ಹೂತುಹೋದಾಗ ಕಂಪನಿ ತಲೆ ಕೆಡಿಸಿಕೊಳ್ಳಲಿಲ್ಲ. ಚಾಕೊಲೇಟ್ ಮಾಡೋರು, ಮರದ ಪೀಠೋಪಕರಣ ಮಾಡೋರು ನಮ್ಮ ಸಾಮಾನಿನ ಕಂದು ಬಣ್ಣ ಸರಿಯಾಗಿ ಬರ್ತಿಲ್ಲ ಅಂತ ದೂರಿದ ಮೇಲೆ ಫಿಲಂ ಸುಧಾರಿಸೋ ಕೆಲಸ ಶುರುವಾಯ್ತು ಅಂತ ಕೆನಡಾದ ಸಂಶೋಧಕಿ ಲೋರ್ನಾ ರಾತ್ ಬರೆದಿದ್ದಾರೆ. ಮನುಷ್ಯರು ಕೇಳಿದಾಗ ಆಗದ್ದು ಮೇಜು ಕುರ್ಚಿ ಕೇಳಿದಾಗ ಆಯ್ತು ನೋಡಿ.

ಅದಕ್ಕೇ ಆ ಹುಡುಗಿಗೆ ಹೇಳಿದೆ: ಅಜ್ಜಿನ ಬೆಳ್ಳಗೆ ಮಾಡ್ಬೇಡಮ್ಮ, ಕಾಣೋ ಹಾಗೆ ಮಾಡು. ಮೊಬೈಲಿನ ಬ್ಯೂಟಿ ಮೋಡ್ ಆಫ್ ಮಾಡು. ಬಿಳಿ ಗೋಡೆ ಬಿಟ್ಟು ಬಾಗಿಲ ಹತ್ರ, ಬೆಳಕಿಗೆ ಮುಖ ಮಾಡಿ ಕೂರಿಸು. ಸ್ಕ್ರೀನಲ್ಲಿ ಅವರ ಕೆನ್ನೆ ಮೇಲೆ ಬೆರಳಿಟ್ಟು ಬೆಳಕು ಹೊಂದಿಸು, ಹಿಂದಿನದು ಹೇಗೆ ಬೇಕಾದ್ರೂ ಬರಲಿ.

ಮುಂದಿನ ತಿಂಗಳು ತಂದಳು. ಏನು ಫೋಟೊ ಅದು! ಅದೇ ಕಪ್ಪು ಮುಖ, ಒಂದೊಂದು ಗೆರೇನೂ ಕಾಣ್ತಿದೆ, ಕಣ್ಣಲ್ಲಿ ಬಾಗಿಲಿನ ಬೆಳಕಿನ ಚೌಕ. ನಾವೆಲ್ಲ ಒಪ್ಪಿದ್ವಿ. ಒಪ್ಪದೇ ಇದ್ದದ್ದು ಅಜ್ಜಿ. ಪ್ರಿಂಟ್ ನೋಡಿ ಮೊಮ್ಮಗಳನ್ನ ಕೇಳಿದ್ರಂತೆ, “ಮುಖ ಸರೀಗೈತೆ, ಕೈ ಎಲ್ಲಿ ಮಗ? ಕೈ ಯಾಕೆ ಕತ್ತರಿಸ್ಬುಟ್ಟೆ?”

ನಲವತ್ತು ವರ್ಷ ಬೇರೆಯವರ ಗದ್ದೇಲಿ ನಾಟಿ ಹಾಕಿದ ಕೈ ಅದು. ರೂಮಲ್ಲಿದ್ದ ನಮಗ್ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅವತ್ತಿಂದ ಒಂದು ನಿಯಮ ಮಾಡಿದೀವಿ: ಫೋಟೊದಲ್ಲಿರೋರಿಗೆ ಮೊದಲು ತೋರಿಸಿ, ಅವರೇನಂದ್ರು ಅಂತ ಪ್ರಿಂಟಿನ ಹಿಂದೆ ಬರೆದು ತನ್ನಿ.

1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಕೂಲಿಯವರ ಬಿಡಾರದಲ್ಲಿ ತೆಗೆದ ‘ಮೈಗ್ರೆಂಟ್ ಮದರ್’ ಫೋಟೊ ನೀವು ನೋಡಿರ್ತೀರಿ. ಗಲ್ಲಕ್ಕೆ ಕೈ ಕೊಟ್ಟು ಕೂತ ತಾಯಿ, ಎರಡೂ ಕಡೆ ಮುಖ ತಿರುಗಿಸಿಕೊಂಡ ಮಕ್ಕಳು. ಚಿತ್ರದ ಮೂಲೇಲಿ ಒಂದು ಹೆಬ್ಬೆರಳು ಅಡ್ಡ ಬಂದಿದೆ ಅಂತ ಲ್ಯಾಂಗ್ ಆಮೇಲೆ ಅದನ್ನ ಅಳಿಸಿದ್ದರು. ಅಷ್ಟು ನಿಗಾ. ಆದರೆ ಆ ತಾಯಿಯ ಹೆಸರು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೊಕೀ ಮೂಲನಿವಾಸಿ ಹೆಣ್ಣುಮಗಳು. ನಲವತ್ತು ವರ್ಷ ಆದ ಮೇಲೆ ಅವರು ಪತ್ರಕರ್ತರ ಮುಂದೆ ಹೇಳಿದ್ದು, ಆ ಫೋಟೊ ತೆಗೆಯದೇ ಇದ್ದಿದ್ರೇ ಚೆನ್ನಾಗಿತ್ತು, ನನಗೆ ಅದರಿಂದ ಒಂದು ಕಾಸೂ ಸಿಗಲಿಲ್ಲ ಅಂತ. ಜಗತ್ತೆಲ್ಲ ಮೆಚ್ಚಿದ ಫೋಟೊ, ಅದರಲ್ಲಿರೋರಿಗೇ ಬೇಡ.

ಇದನ್ನ ನಾನು ಹೆಚ್ಚಾಗಿ ಹೇಳೋದು ಮ್ಯಾನ್‌ಹೋಲ್ ಫೋಟೊ ತರೋ ಹುಡುಗರಿಗೆ. ಒಬ್ಬ ತಂದಿದ್ದ. ಕಪ್ಪು ಬಿಳುಪು, ಮೈಯೆಲ್ಲ ಕೆಸರು, ಕಣ್ಣು ಕ್ಯಾಮೆರಾ ಕಡೆ. ಎಲ್ಲರೂ ಸುಮ್ಮನಾದರು. ನಾನು ಕೇಳಿದೆ, ಇದು ಗೋಡೆಗಾ, ದೂರಿಗಾ? ದೂರಿಗೆ ಅಂದ. ಹಾಗಾದ್ರೆ ಇದು ಕೆಲಸಕ್ಕೆ ಬರಲ್ಲ ಕಣಪ್ಪ. ರಕ್ಷಣಾ ಸಾಧನ ಇಲ್ಲದೆ ಯಾರನ್ನೂ ಒಳಗೆ ಇಳಿಸಬಾರದು ಅಂತ 2013ರ ಕಾಯ್ದೆ ಹೇಳತ್ತೆ. ಆದರೆ ಈ ಫೋಟೊ ಯಾವ ಊರು, ಯಾವ ರಸ್ತೆ, ನಿಂತು ಕೆಲಸ ಮಾಡಿಸ್ತಿದ್ದೋನು ಯಾರು ಅಂತ ಹೇಳಲ್ಲ. ಹಿಂದಕ್ಕೆ ಹೋಗಿ ಅಗಲವಾಗಿ ತೆಗಿ. ಅಂಗಡಿ ಬೋರ್ಡು, ಗುತ್ತಿಗೆದಾರನ ಗಾಡಿ ನಂಬರು ಬರಲಿ. ಬಣ್ಣದಲ್ಲೇ ಇರಲಿ, ಮೂಲ ಫೈಲು ಅಳಿಸಬೇಡ. ಮುಖ ಬೇಡ, ನಾಳೆ ಅವನ ಕೂಲಿ ಹೋಗತ್ತೆ. ಹುಡುಗ ಮುಖ ಗಂಟಿಕ್ಕಿಕೊಂಡ. ಗಂಟಿಕ್ಕಿಕೊಳ್ಳಲಿ. ಅವನ ನೋವಿಗಿಂತ ಒಳಗೆ ಇಳಿದವನ ನೋವು ದೊಡ್ಡದು.

ಗೋಡೆಗೆ ಅಂತಾದ್ರೆ ದಾರಿ ಬೇರೆ. ಮುಂಬೈ ಪೌರಕಾರ್ಮಿಕರನ್ನ ವರ್ಷಗಟ್ಟಲೆ ತೆಗೆದ ಸುಧಾರಕ ಓಲ್ವೆ ಅವರ ಕೆಲಸ ನೋಡಿ (2016ರಲ್ಲಿ ಪದ್ಮಶ್ರೀ ಬಂತು). ತಮಿಳುನಾಡಿನ ಎಂ. ಪಳನಿ ಕುಮಾರ್ ಮೀನು ಮಾರೋ ತನ್ನ ತಾಯಿಯನ್ನ ತೆಗೆದದ್ದು ನೋಡಿ. ಒಂದು ಕ್ಷಣಕ್ಕೆ ಹೋಗಿ ಕ್ಲಿಕ್ ಮಾಡಿ ಬಂದವರಲ್ಲ ಇವರು.

ಹೇಳೋದು ಸುಲಭ, ಕೇಳಿಸಿಕೊಳ್ಳೋದು ಕಷ್ಟ. ನನ್ನ ಜಯಂತಿ ಮೆರವಣಿಗೆ ಫೋಟೊ ಒಂದನ್ನ ನಮ್ಮೂರ ಹಳೇ ಸ್ಟುಡಿಯೊದವರಿಗೆ ತೋರಿಸಿದ್ದೆ. ಅವರು ನಮ್ಮ ಜನ ಅಲ್ಲ. ಕನ್ನಡಕ ಏರಿಸಿ ನೋಡಿ, “ಇದರಲ್ಲಿ ನಾನು ಯಾರನ್ನ ನೋಡಬೇಕು ಸಾರ್?” ಅಂದ್ರು. ಹೊಟ್ಟೇಲಿ ಬೆಂಕಿ ಬಿದ್ದ ಹಾಗಾಯ್ತು. ನಮ್ಮ ಮೆರವಣಿಗೇಲಿ ನಿಮಗೆ ಯಾರೂ ಕಾಣಲ್ವಾ ಅಂತ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಎರಡು ಕಾಗದದ ಚೂರಿಂದ ಪ್ರಿಂಟಿನ ಎರಡು ಬದಿ ಮುಚ್ಚಿದ್ರು. ಉಳಿದದ್ದು ತಮಟೆ ಎತ್ತಿ ಹಿಡಿದ ಒಬ್ಬ ಹುಡುಗ, ಅವನ ಹಿಂದೆ ಒಂದು ಬಾವುಟ. “ಇವನು” ಅಂದ್ರು, ಬೆರಳಿಟ್ಟು.

ಪೂರ್ತಿ ಫೋಟೊನೂ ನನಗೆ ಇಷ್ಟವೇ. ಅಷ್ಟು ಜನ ಸೇರಿದ್ದೇ ಅವತ್ತಿನ ಸುದ್ದಿ, ಅದು ನಮ್ಮ ಕರಪತ್ರದಲ್ಲಿ ಹಾಗೇ ಅಚ್ಚಾಯ್ತು. ಭವನದ ಗೋಡೆ ಮೇಲಿರೋದು ತಮಟೆ ಹುಡುಗ. ಅವನು ಈಗ ಐ.ಟಿ.ಐ. ಮಾಡ್ತಿದಾನೆ, ಬಂದಾಗಲೆಲ್ಲ ಅದರ ಮುಂದೆ ನಿಂತು ತಲೆ ಬಾಚ್ಕೋತಾನೆ.

ಮುಂದಿನ ಕೂಟ ಬರೋ ತಿಂಗಳ ಎರಡನೇ ಭಾನುವಾರ, ಬೆಳಗ್ಗೆ ಹತ್ತಕ್ಕೆ. ಮೂರೇ ಪ್ರಿಂಟ್ ತನ್ನಿ. ಟೀ ನಮ್ಮದು. ಅಜ್ಜಿನೂ ಬರ್ತೀನಿ ಅಂದಿದಾರೆ, ಕೈ ಕತ್ತರಿಸಿದ ಫೋಟೊ ತರೋರು ಹುಷಾರು.

ಜೈಭೀಮ್.