ಒಂದು ಪದದ ಉತ್ತರ

ಪ್ರಶ್ನೆ ಕೇಳುವುದೂ ಉತ್ತರ ಹೇಳುವುದೂ ನಮ್ಮ ಜನರಿಗೆ ಹೊಸತಲ್ಲ. ಮಹಾಭಾರತದ ಯಕ್ಷನು ಕೊಳದ ದಡದಲ್ಲಿ ಧರ್ಮರಾಯನನ್ನು ನಿಲ್ಲಿಸಿ ಒಂದರ ಮೇಲೊಂದು ಪ್ರಶ್ನೆ ಹಾಕಿದನು. ಉತ್ತರ ಕೊಡದೆ ನೀರಿಗೆ ಕೈಯಿಟ್ಟ ನಾಲ್ವರು ತಮ್ಮಂದಿರು ಆ ವೇಳೆಗಾಗಲೇ ನೆಲಕ್ಕೊರಗಿದ್ದರು. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ಒಗಟು ಹಾಕುತ್ತಿದ್ದರು. ಮೊಮ್ಮಕ್ಕಳು ತಲೆ ಕೆರೆದುಕೊಂಡು, ಕೊನೆಗೆ 'ಸೋತೆ' ಎಂದ ಮೇಲೆಯೇ ಉತ್ತರ ಹೊರಬರುತ್ತಿತ್ತು. ಯಕ್ಷನ ಪ್ರಶ್ನೆಗೆ ಪ್ರಾಣವೇ ಪಣ. ಅಜ್ಜಿಯ ಪ್ರಶ್ನೆಗೆ ನಗೆಯೇ ಬಹುಮಾನ.

ಕಾಲ ಸರಿದಂತೆ ಅಜ್ಜಿಯ ಜಗಲಿಯ ಸ್ಥಾನಕ್ಕೆ ದೂರದರ್ಶನದ ಪೆಟ್ಟಿಗೆ ಬಂದಿತು. ಬೆಂಗಳೂರಿನಲ್ಲಿ 1983ರಲ್ಲಿಯೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. ಕನ್ನಡದಲ್ಲಿ ಈ ಆಟವನ್ನು ಮನೆಮನೆಗೆ ಮುಟ್ಟಿಸಿದ್ದು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ 'ಥಟ್ ಅಂತ ಹೇಳಿ' ಕಾರ್ಯಕ್ರಮ. ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ಇದರ ಮೂರು ಸಾವಿರಕ್ಕೂ ಹೆಚ್ಚು ಕಂತುಗಳು ಪ್ರಸಾರವಾಗಿವೆ. ಇಲ್ಲಿ ಸರಿಯುತ್ತರಕ್ಕೆ ಸಿಗುವುದು ಹಣವಲ್ಲ, ಕನ್ನಡದ ಪುಸ್ತಕ. ಇದು ನನಗೆ ಬಹಳ ಅರ್ಥವತ್ತಾಗಿ ಕಂಡಿದೆ. ಹಣ ಬಂದರೆ ಆಟ ಮುಗಿಯುತ್ತದೆ. ಪುಸ್ತಕ ಬಂದರೆ ಆಟ ಮೊದಲಾಗುತ್ತದೆ. ಒಂದು ಉತ್ತರ ಕೊಟ್ಟವನು ನೂರು ಪ್ರಶ್ನೆಗಳನ್ನು ಕಂಕುಳಲ್ಲಿ ಇರಿಸಿಕೊಂಡು ಮನೆಗೆ ಹೋಗುತ್ತಾನೆ.

ನಾನಿರುವುದು ಬೆಂಗಳೂರಿನ ಅಂಚಿನಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಒಂದು ಬೀದಿಯಲ್ಲಿ. ಪೀಣ್ಯವು ಸಾವಿರಾರು ಸಣ್ಣ ಕಾರ್ಖಾನೆಗಳ ಊರು. ಇಲ್ಲಿ ಹಗಲು ರಾತ್ರಿಗಳನ್ನು ಸೂರ್ಯನಿಗಿಂತ ಪಾಳಿಯ ಗಂಟೆಯೇ ನಿರ್ಧರಿಸುತ್ತದೆ. ಗಾಳಿಯಲ್ಲಿ ಯಂತ್ರದ ಎಣ್ಣೆಯ ವಾಸನೆ, ಕಿವಿಯಲ್ಲಿ ಕಬ್ಬಿಣ ಕೊರೆಯುವ ಸದ್ದು. ರಾತ್ರಿ ಊಟದ ಹೊತ್ತಿಗೆ ಮಾತ್ರ ಬೀದಿಯ ಹಲವು ಮನೆಗಳ ಕಿಟಕಿಗಳಿಂದ ರಸಪ್ರಶ್ನೆಯ ದನಿ ಏಕಕಾಲಕ್ಕೆ ಕೇಳಿಬರುತ್ತದೆ. ಎದುರು ಮನೆಯ ಹುಡುಗ ಉತ್ತರವನ್ನು ಕೂಗಿದರೆ ಪಕ್ಕದ ಮನೆಯ ಹುಡುಗಿ ಅದನ್ನು ತಿದ್ದುತ್ತಾಳೆ.

ನಮ್ಮ ನೆರೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ಅವನ ತಂದೆ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ. ಹುಡುಗನು ದೂರದರ್ಶನದಲ್ಲಿ ಕೇಳಿದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಒಂದು ಭಾನುವಾರ ನಾನು ಅವರ ಮನೆಯಲ್ಲಿ ಕುಳಿತಿದ್ದಾಗ ಅವನು ಆ ಪುಸ್ತಕವನ್ನು ತೆರೆದು ತಂದೆಯನ್ನೇ ಪರೀಕ್ಷಿಸತೊಡಗಿದನು. "ಭಾರತದ ಮೊದಲ ಉಪಗ್ರಹ ಯಾವುದು?" ತಂದೆ ತಲೆಯಾಡಿಸಿದರು. "ಆರ್ಯಭಟ! ಅಪ್ಪನಿಗೆ ಇಷ್ಟೂ ಗೊತ್ತಿಲ್ಲ" ಎಂದು ಹುಡುಗ ನನ್ನತ್ತ ತಿರುಗಿ ನಕ್ಕನು. ತಂದೆಯೂ ನಕ್ಕರು, ಆದರೆ ಆ ನಗೆ ತುಟಿಯಿಂದ ಆಚೆಗೆ ಬರಲಿಲ್ಲ. ಕೆಲಸದ ಕಲೆ ಹತ್ತಿದ ಕೈಗಳನ್ನು ಅವರು ಮಡಿಲಿಗೆ ಎಳೆದುಕೊಂಡರು.

ನನಗೆ ಸುಮ್ಮನಿರಲಾಗಲಿಲ್ಲ. "ಆರ್ಯಭಟ ತಯಾರಾದದ್ದು ಎಲ್ಲಿ?" ಎಂದು ಹುಡುಗನನ್ನು ಕೇಳಿದೆ. ಅವನು ಪುಟ ತಿರುವಿದನು. ಪುಸ್ತಕದಲ್ಲಿ ಅದು ಇರಲಿಲ್ಲ. "ಇಲ್ಲಿಯೇ, ನಿಮ್ಮ ಪೀಣ್ಯದಲ್ಲಿ" ಎಂದಾಗ ಅವನಿಗೆ ನಂಬಿಕೆಯಾಗಲಿಲ್ಲ.

ಆದರೆ ಅದು ನಿಜ. 1972ರ ಮೇ ತಿಂಗಳಿನಲ್ಲಿ ಭಾರತವು ಸೋವಿಯತ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡಿತು. ಉಪಗ್ರಹವನ್ನು ನಾವು ಕಟ್ಟುವುದು, ಆಕಾಶಕ್ಕೆ ಅವರು ಹಾರಿಸುವುದು ಎಂದಾಯಿತು. ಅಂಥ ರಾಕೆಟ್ ಆಗ ನಮ್ಮಲ್ಲಿರಲಿಲ್ಲ. ಕೆಲಸದ ನೊಗವನ್ನು ಹೊತ್ತವರು ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್. ಭವ್ಯವಾದ ಪ್ರಯೋಗಾಲಯಕ್ಕಾಗಿ ಅವರು ಕಾಯಲಿಲ್ಲ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿಯೇ ಕೆಲಸ ಮೊದಲಾಯಿತು. ಅವರೊಡನಿದ್ದ ತರುಣರಲ್ಲಿ ಬಹುಮಂದಿ ಅದುವರೆಗೆ ಉಪಗ್ರಹವನ್ನು ಕಟ್ಟಿದವರಲ್ಲ. ಸುಮಾರು ಮೂರು ವರ್ಷಗಳ ದುಡಿಮೆಯ ಫಲವಾಗಿ 360 ಕಿಲೋಗ್ರಾಂ ತೂಕದ, 26 ಮುಖಗಳ ಒಂದು ವಸ್ತು ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ರಷ್ಯದ ಕಪುಸ್ಟಿನ್ ಯಾರ್ ಎಂಬಲ್ಲಿಂದ ಅದು ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೂ ಉಪಗ್ರಹವನ್ನು ಕಟ್ಟುವ ವಿದ್ಯೆ ನಮ್ಮವರ ಕೈಗೆ ಬಂದಿತ್ತು. ಅದರ ಚಿತ್ರ ಎರಡು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿ, ವಿಮಾನವನ್ನೇ ಕಾಣದ ಹಳ್ಳಿಗರ ಕಿಸೆಗೂ ಸೇರಿತು. ಥಟ್ಟನೆ ಹೇಳಬಹುದಾದ ಆ ಉತ್ತರವನ್ನು ಯಾರೂ ಥಟ್ಟನೆ ಕಟ್ಟಿರಲಿಲ್ಲ.

ಹುಡುಗ ಬೆರಗಾಗಿ ಕೇಳುತ್ತಿದ್ದನು. ಆಗ ನಾನು ಅವನ ತಂದೆಯತ್ತ ತಿರುಗಿ, ತಾವು ಯಂತ್ರದಲ್ಲಿ ಕಡೆಯುವ ಭಾಗಗಳಲ್ಲಿ ಎಷ್ಟು ವ್ಯತ್ಯಾಸವಾದರೆ ತಪ್ಪಿಲ್ಲ ಎಂದು ಕೇಳಿದೆ. "ಕೆಲವಕ್ಕೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. ಅದಕ್ಕಿಂತ ಹೆಚ್ಚಾದರೆ ಮಾಲು ತಿರಸ್ಕಾರ" ಎಂದು ಅವರು ಸಹಜವಾಗಿ ನುಡಿದರು. ನಮ್ಮ ತಲೆಯ ಕೂದಲೆಳೆಯೇ ಅದಕ್ಕಿಂತ ಹಲವು ಪಟ್ಟು ದಪ್ಪ. ಮೈಕ್ರೋಮೀಟರನ್ನು ಹಿಡಿಯುವ ಮೊದಲೇ ಉಳಿಯ ಸದ್ದಿನಿಂದ ಅಳತೆ ತಪ್ಪುತ್ತಿದೆಯೆಂದು ತಿಳಿಯುತ್ತದೆ ಎಂದೂ ಅವರು ಹೇಳಿದರು. ಹುಡುಗ ತಂದೆಯ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದನು. "ಸದ್ದು ಹೇಗೆ ಬದಲಾಗುತ್ತದಪ್ಪ?" ಎಂದು ಕೇಳಿದನು. ಆ ದಿನ ಅವನು ಕೇಳಿದ ಪ್ರಶ್ನೆಗಳಲ್ಲಿ ಉತ್ತರ ತಿಳಿಯದೆ ಕೇಳಿದ್ದು ಅದೊಂದೇ. ತಂದೆಯ ಕೈಗಳು ಮಡಿಲಿನಿಂದ ಮೇಲೆದ್ದು, ಗಾಳಿಯಲ್ಲಿಯೇ ಯಂತ್ರವನ್ನು ನಡೆಸಿ ತೋರಿಸತೊಡಗಿದವು.

ಸಾಮಾನ್ಯ ಜ್ಞಾನವೆಂದರೆ ಯಾವುದು? ರಾಜಧಾನಿಗಳ ಹೆಸರು, ನದಿಗಳ ಉದ್ದ, ಪ್ರಶಸ್ತಿ ಪಡೆದವರ ಪಟ್ಟಿ ಇವೆಲ್ಲವೂ ಬೇಕು. ಇವನ್ನು ತಿಳಿದವನಿಗೆ ಪತ್ರಿಕೆಯೊಂದನ್ನು ಓದುವಾಗಲೂ ಲೋಕ ಹತ್ತಿರವಾಗುತ್ತದೆ. 'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಒಂದು ಪದದಲ್ಲಿ ಹೇಳಲಾಗದ ಜ್ಞಾನವೂ ಇದೆ. ರೈತನು ಮಣ್ಣನ್ನು ಮುಟ್ಟಿ ಹದವನ್ನು ಅರಿಯುವುದು, ತಾಯಿ ಹಣೆಯ ಮೇಲೆ ಕೈಯಿಟ್ಟು ಜ್ವರವನ್ನು ಗುರುತಿಸುವುದು ಅಂಥದು. ಅದಕ್ಕೆ ಅಂಕಗಳಿಲ್ಲ, ಗಂಟೆ ಬಾರಿಸಿ ಯಾರೂ ಅದನ್ನು ಕೇಳುವುದಿಲ್ಲ. ಕೇಳುವವರಿಲ್ಲವೆಂದು ಅದನ್ನು ಅಜ್ಞಾನವೆಂದು ಎಣಿಸುವುದು ತರವಲ್ಲ. ಉಪಗ್ರಹಕ್ಕೆ ಸೂತ್ರ ಬಲ್ಲವರೂ ಬೇಕು, ಲೋಹವನ್ನು ಅಳತೆಗೆ ತರಬಲ್ಲವರೂ ಬೇಕು.

ಈಗ ಉತ್ತರಗಳು ಬಹಳ ಅಗ್ಗವಾಗಿವೆ. ಕೈಯಲ್ಲಿರುವ ಮೊಬೈಲನ್ನು ಕೇಳಿದರೆ ಕ್ಷಣಾರ್ಧದಲ್ಲಿ ಹೇಳುತ್ತದೆ. ಆದ್ದರಿಂದಲೇ ಉತ್ತರ ಸಿಕ್ಕ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗುವವನ ಬೆಲೆ ಹೆಚ್ಚಿದೆ. ಆರ್ಯಭಟ ಎಂಬ ಹೆಸರನ್ನೇ ಹಿಡಿದು ಹೊರಟರೆ, 476ರಲ್ಲಿ ಹುಟ್ಟಿ, ಭೂಮಿಯು ತನ್ನ ಸುತ್ತ ತಾನೇ ತಿರುಗುತ್ತದೆಂದು ಹೇಳಿದ ಗಣಿತಜ್ಞನ ಬಳಿಗೆ ಹೋಗಬಹುದು. ಅಥವಾ ಪೀಣ್ಯದ ಬೀದಿಗಳಲ್ಲಿಯೇ ನಡೆದು, ಇಸ್ರೋ ಸಂಸ್ಥೆಯ ಇಸ್ಟ್ರಾಕ್ ಕೇಂದ್ರದ ಗೋಡೆಯವರೆಗೆ ಹೋಗಬಹುದು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿದ್ದನ್ನು ವಿಜ್ಞಾನಿಗಳು ಆ ಕೇಂದ್ರದಲ್ಲಿ ಕುಳಿತು ನೋಡಿದರು. ಅದರ ಸುತ್ತಲಿನ ಕಾರ್ಖಾನೆಗಳಲ್ಲಿ ಅಂದೂ ಪಾಳಿಯ ಗಂಟೆ ಬಾರಿಸಿತು, ಯಂತ್ರಗಳು ತಿರುಗಿದವು.

ನೆರೆಮನೆಯ ಹುಡುಗ ಈಗಲೂ ರಸಪ್ರಶ್ನೆಗಳನ್ನು ಬರೆದಿಡುತ್ತಾನೆ. ಆದರೆ ಪ್ರತಿ ಉತ್ತರದ ಕೆಳಗೆ ಎರಡು ಗೆರೆಯಷ್ಟು ಜಾಗವನ್ನು ಖಾಲಿ ಬಿಡುತ್ತಾನೆ. ಯಾರು ಮಾಡಿದರು, ಹೇಗೆ ಮಾಡಿದರು ಎಂಬುದನ್ನು ತಿಳಿದ ದಿನ ತುಂಬುವುದಕ್ಕಾಗಿ.